ಪ್ರಸಾದ ಕೊಡುವ ಕೈ

ಬದಿಯಡ್ಕದ, ಮೈಯನ್ನು ಕೈಯಿಂದಲೇ ಒತ್ತಿ ನೋವು ಬಿಡಿಸುವ ಓಸ್ಟಿಯೋಪತಿ ಕ್ಲಿನಿಕ್ಕಿನಲ್ಲಿ ನನ್ನ ಗಂಡ ಕೂತಲ್ಲಿ ಕೂರಲಿಲ್ಲ. ಎದ್ದರು, ಗಡಿಯಾರ ನೋಡಿದರು, ಮತ್ತೆ ಕೂತರು. ನಮ್ಮೂರ ದೇವಸ್ಥಾನದ ಪೂಜೆ ಇವರದು. ಬಲಭುಜದ ನೋವಿಗೆ ಎಣ್ಣೆ, ಮಾತ್ರೆ, ಇಂಜೆಕ್ಷನ್ ಎಲ್ಲ ಮುಗಿಸಿ, ಕೊನೆಗೆ ನನ್ನ ಕಾಟ ತಡೆಯಲಾರದೆ ಬಂದಿದ್ದರು.

"ಬೇಗ ಆಗ್ತದಾ ಡಾಕ್ಟ್ರೇ? ಸಂಜೆಯ ಪೂಜೆಗೆ ಮೊದಲು ಇನ್ನೊಮ್ಮೆ ಸ್ನಾನ ಆಗ್ಬೇಕು," ಎಂದರು.

ಮುಟ್ಟಿಸಿಕೊಂಡದ್ದಕ್ಕೆ ಸ್ನಾನ! ನನಗೆ ಮೈಯೆಲ್ಲ ಉರಿಯಿತು. ಡಾಕ್ಟರ್ ಉಜ್ವಲಾ ಮಾತ್ರ ನಕ್ಕಳು. ನಮ್ಮೂರ ಹುಡುಗಿಯೇ, ಚಿಕ್ಕಂದಿನಲ್ಲಿ ದೇವಸ್ಥಾನಕ್ಕೆ ಬರುತ್ತಿದ್ದವಳು. ಅವಳು ನೋವಿನ ಜಾಗವನ್ನಷ್ಟೇ ಹಿಡಿದು ಕೂರಲಿಲ್ಲ. ಕುತ್ತಿಗೆ, ಪಕ್ಕೆಲುಬು, ಬೆನ್ನು ಎಲ್ಲವನ್ನೂ ಮೆಲ್ಲಗೆ ಒತ್ತಿ ನೋಡಿದಳು. ಉಸಿರು ಎಳೆದು ಬಿಡಲು ಹೇಳಿದಳು. ಭುಜ ಸ್ವಲ್ಪ ಸಡಿಲವಾಯಿತು.

"ಇದು ದಿನಾ ಬಿಗಿಯುವುದು ಎಂತದಕ್ಕೆ ಅಂತ ನೋಡ್ಬೇಕು. ಪ್ರಸಾದ ಹೇಗೆ ಕೊಡ್ತೀರಿ, ತೋರಿಸಿ ಭಟ್ರೇ," ಎಂದು ಅಂಗೈ ಚಾಚಿದಳು.

ಇವರು ಅಭ್ಯಾಸದಂತೆ ಮೊಣಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಕೈಗೆ ಕೈ ತಾಗದ ಹಾಗೆ ಮೇಲಿನಿಂದ ಹಾಕುವುದನ್ನು ತೋರಿಸಿದರು. ನೋವಿಗೆ ಮುಖ ಕಿವುಚಿದರು.

ಉಜ್ವಲಾ ಆ ಕೈಯನ್ನು ಹಿಡಿದು, ಬೆರಳುಗಳು ತನ್ನ ಅಂಗೈಗೆ ತಾಗುವವರೆಗೆ ಇಳಿಸಿದಳು.

"ಈಗ ನೋವು ಉಂಟಾ?"

"ಇಲ್ಲ."

"ಇನ್ನು ಹೀಗೇ ಕೊಡಿ. ಎಲ್ಲರಿಗೂ."

ಇವರು ಅವಳ ಅಂಗೈಯ ಮೇಲಿದ್ದ ತಮ್ಮ ಬೆರಳುಗಳನ್ನೇ ನೋಡಿದರು. ಮತ್ತೆ ಗಡಿಯಾರ ನೋಡಿದರು.

"ಬೇರೆ ಎಂತ ಮದ್ದೂ ಇಲ್ವಾ?"