ಮೂರು ಪಿಯಾನೊ, ಬಡಗಿಯ ಒಂದು ಮೆಚ್ಚುಗೆ

ಮರ ಆರಿಸು ಎಂದಿದ್ದರೆ ಬಡಗಿ ಕಣ್ಣು ಮುಚ್ಚಿಕೊಂಡು ಆರಿಸುತ್ತಿದ್ದ. ಪಿಯಾನೊ ಆರಿಸು ಎಂದರೆ ಪಾಪ, ಏನು ಮಾಡುತ್ತಾನೆ? ಆದರೆ ಮಗಳಿಗೆ ಮಾತು ಕೊಟ್ಟಾಗಿತ್ತು. ನಾಲ್ಕು ವರ್ಷ ಶಾಲೆಯ ಪಿಯಾನೊದಲ್ಲೇ ಕಲಿತವಳು. ಈ ವರ್ಷ ಶಾಲೆ ಮುಗಿಯುತ್ತದೆ. ಮನೆಗೊಂದು ಬರದಿದ್ದರೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಇದರ ಮೇಲೆ ಇನ್ನೊಂದು ಪೇಚು. ಇಪ್ಪತ್ತೆರಡು ವರ್ಷ ಗರಗಸದ ಮಷೀನಿನ ಪಕ್ಕ ನಿಂತು ಅವನ ಕಿವಿ ಹೆಚ್ಚುಕಡಿಮೆ ಕೈಕೊಟ್ಟಿತ್ತು. ತುಟಿ ನೋಡಿ ಮಾತು ಹಿಡಿಯುತ್ತಿದ್ದ, ಹಿಡಿಯಲಾಗದ್ದಕ್ಕೆ ಹೂಂಗುಟ್ಟುತ್ತಿದ್ದ. ಮಗಳಿಗೆ ಹೇಳಿರಲಿಲ್ಲ. ಅಪ್ಪನಿಗೇ ಕೇಳಿಸದ ಮೇಲೆ ಪಿಯಾನೊ ಯಾಕೆ ಎಂದು ಅವಳು ಬೇಡವೆಂದುಬಿಟ್ಟರೆ ಎಂಬ ಭಯ ಅವನಿಗೆ.

ಅಪ್ಪ ಮಗಳು ಪಿಯಾನೊ ಅಂಗಡಿಗೆ ಬಂದಾಗ ಅಂಗಡಿಯಾಕೆ ಮೊದಲು ಗ್ರ್ಯಾಂಡ್ ಪಿಯಾನೊದ ಮುಚ್ಚಳ ಎತ್ತಿದಳು. ‘ಇದರಲ್ಲಿ ತಂತಿ ಮಲಗಿರುತ್ತೆ. ಸುತ್ತಿಗೆ ಕೆಳಗಿಂದ ಹೊಡೆದು ತನ್ನ ಭಾರಕ್ಕೆ ತಾನೇ ಬೀಳುತ್ತೆ. ಅದಕ್ಕೇ ಬೆರಳು ಹೇಳಿದ ಹಾಗೆ ಕೇಳುತ್ತೆ.’

ಸುತ್ತಿಗೆ ಎಂದಾಗ ಬಡಗಿಗೆ ಜೀವ ಬಂತು. ಬಗ್ಗಿ ನೋಡಿದರೆ ಸಾಲುಸಾಲಾಗಿ ಉಣ್ಣೆ ಸುತ್ತಿದ ಮರದ ಮೊಗ್ಗುಗಳು. ಇದರಿಂದ ಯಾವ ಮೊಳೆ ಹೊಡೆಯುವುದು?

‘ಇದು ಅಪ್‌ರೈಟ್. ತಂತಿ ನಿಂತಿರುತ್ತೆ, ಸುತ್ತಿಗೆ ಮುಂದಿಂದ ಹೊಡೆಯುತ್ತೆ. ಹಿಂದೆ ಬರೋಕೆ ಸ್ಪ್ರಿಂಗ್ ಬೇಕು. ಗೋಡೆಗೆ ಒರಗಿಸಿದರೆ ಆಯ್ತು.’

ಬಡಗಿ ಅದರ ಬೆನ್ನು ಸವರಿ, ಬೆರಳ ಗಿಣ್ಣಿನಿಂದ ಕುಟ್ಟಿ, ‘ಕೀಲು ಚೆನ್ನಾಗಿದೆ’ ಎಂದ. ಮಗಳು ನಾಚಿ ನೆಲ ನೋಡಿದಳು. ಮಲಗಿದ್ದು ಒಳ್ಳೆಯದೋ, ನಿಂತದ್ದು ಒಳ್ಳೆಯದೋ? ಅವನಿಗೆ ತಲೆಬುಡ ತಿಳಿಯಲಿಲ್ಲ.

‘ಇದು ಡಿಜಿಟಲ್. ತಂತಿನೂ ಇಲ್ಲ, ಸುತ್ತಿಗೆನೂ ಇಲ್ಲ. ದೊಡ್ಡ ಪಿಯಾನೊದ ಧ್ವನಿನ ಒಳಗೆ ತುಂಬಿಟ್ಟಿರ್ತಾರೆ. ಶ್ರುತಿ ಮಾಡಿಸೋ ತಾಪತ್ರಯ ಇಲ್ಲ.’

ತಂತಿಯೇ ಇಲ್ಲದೆ ನುಡಿಯುವುದೇ! ಬಡಗಿ ಕಕ್ಕಾಬಿಕ್ಕಿಯಾದ. ಆಕೆ ಮೊದಲೆರಡರಂತೆ ಇದನ್ನೂ ಕೂತು ನುಡಿಸತೊಡಗಿದಳು. ಬೆರಳುಗಳು ಓಡಿದವು. ಇಷ್ಟು ಹೊತ್ತು ಬರೀ ಮರ ಹೊಗಳಿದ್ದಾಯಿತು, ಧ್ವನಿಯ ಬಗ್ಗೆಯೂ ಒಂದು ಮಾತು ಆಡದಿದ್ದರೆ ಗುಟ್ಟು ರಟ್ಟಾದೀತು ಎಂದುಕೊಂಡು ಅವನು ತಲೆದೂಗಿದ. ‘ಆಹಾ! ಮೂರರಲ್ಲಿ ಇದರ ಧ್ವನಿನೇ ಧ್ವನಿ!’

ಆಕೆಯ ಕೈ ನಿಂತಿತು. ಆಕೆ ಪಕ್ಕಕ್ಕೆ ಬಗ್ಗಿ ಹೆಡ್‌ಫೋನಿನ ವಯರನ್ನು ಎಳೆದು ತೆಗೆದಳು. ಅದು ಸಿಕ್ಕಿಸಿಯೇ ಇತ್ತು. ಅಲ್ಲಿಯವರೆಗೆ ಪಿಯಾನೊ ಒಂದು ಸ್ವರವನ್ನೂ ಹೊರಗೆ ಬಿಟ್ಟಿರಲಿಲ್ಲ.

ಬಡಗಿಗೆ ಅದೂ ಅರ್ಥವಾಗಲಿಲ್ಲ. ಮಗಳಿಗೆ ಅರ್ಥವಾಯಿತು. ಅವಳು ಎದುರು ಬಂದು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದಳು. ‘ಯಾವಾಗಿಂದ ಅಪ್ಪಾ?’

ಇನ್ನು ಹೂಂಗುಟ್ಟಿ ಉಪಯೋಗವಿರಲಿಲ್ಲ. ‘ಎರಡು ವರ್ಷ ಆಯ್ತು, ಪುಟ್ಟಿ.’

‘ಮತ್ತೆ ಹೋದ ವರ್ಷ ನಾನು ಶಾಲೇಲಿ ನುಡಿಸಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಿದ್ದು ನೀನೇ ಅಲ್ವಾ?’

‘ನೀನು ಕೈ ಎತ್ತಿ ಮಡಿಲಲ್ಲಿ ಇಟ್ಕೊಂಡೆ. ಮುಗೀತು ಅಂತ ಗೊತ್ತಾಯ್ತು.’

ಅವಳಿಗೆ ದುಃಖ ಒತ್ತರಿಸಿ ಬಂತು. ಕಣ್ಣೊರೆಸಿಕೊಂಡು ಅಂಗಡಿಯಾಕೆಯ ಕಡೆ ತಿರುಗಿದಳು.

‘ಮೇಡಂ, ಈ ಮೂರರಲ್ಲಿ ಯಾವುದನ್ನ ನುಡಿಸಿದ್ರೆ, ಪಕ್ಕದಲ್ಲಿ ಕೂತವರಿಗೆ ನನ್ನ ಕೈ ಚೆನ್ನಾಗಿ ಕಾಣುತ್ತೆ?’

ಪಿಯಾನೊಗಳನ್ನು ಅರೆದು ಕುಡಿದಿದ್ದ ಆಕೆ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಒಳಗಿನಿಂದ ಒಂದು ಕುರ್ಚಿ ತಂದು ಗ್ರ್ಯಾಂಡಿನ ಪಕ್ಕ ಹಾಕಿ, ‘ಕೂತು ನೋಡಿ, ಯಜಮಾನ್ರೆ. ಒಂದೊಂದರ ಪಕ್ಕನೂ ಕೂತು ನೋಡಿ’ ಎಂದಳು.