ದೋನಾ ಇದಲಿನಾ ಬಾಡಿಗೆಗೆ ಬಂದದ್ದು

ಬಾಸ್ಟನ್ನಿನ ಆಚೆಯ ಫಾಲ್ ರಿವರ್ ಊರಿನಲ್ಲಿ, ನಮ್ಮ ದ್ವೀಪದಿಂದ ವಲಸೆ ಬಂದವರು ಮನೆ ಕೊಳ್ಳುವುದೆಂದರೆ ಮೂರಂತಸ್ತಿನ ಮರದ ಮನೆ ಕೊಳ್ಳುವುದೆಂದೇ ಅರ್ಥ. ಒಂದರಲ್ಲಿ ತಾವಿದ್ದು, ಉಳಿದೆರಡರ ಬಾಡಿಗೆಯಿಂದ ಬ್ಯಾಂಕಿನ ಕಂತು ಕಟ್ಟುತ್ತಾರೆ. ನನ್ನ ತಮ್ಮ ನೊರ್ಬೆರ್ತು ಮತ್ತು ಅವನ ಹೆಂಡತಿ ಡೆಲ್ಫಿನಾ ಮಾತ್ರ ಮದುವೆಯಾದಾಗಿನಿಂದ ಬೇರೆಯವರ ಕಂತನ್ನೇ ಕಟ್ಟುತ್ತ ಬಂದಿದ್ದರು. ಹಾಗೆ ಹೇಳುತ್ತಿದ್ದವಳು ಡೆಲ್ಫಿನಾ. ಅವಳು ಪರದೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ನನ್ನ ತಮ್ಮನದು ಮನೆಗಳಿಗೆ ಛಾವಣಿ ಹಾಕುವ ಕೆಲಸ.

ಅವರು ಬಾಡಿಗೆಗಿದ್ದದ್ದು ದೋನಾ ಇದಲಿನಾಳ ಮನೆಯ ಮೇಲಿನ ಅಂತಸ್ತಿನಲ್ಲಿ; ದೋನಾ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ನಡುವೆ ಸೆರಾಫಿಂ ಎಂಬ ಹಳೆಯ ಮೀನುಗಾರ. ಕೆಳಗೆ ಸ್ವತಃ ದೋನಾ. ಒಂದು ವಸಂತದಲ್ಲಿ ಆಕೆ, ಹಿಮ ಗೋರಿ, ಬಾಡಿಗೆಯವರ ದೂರು ಕೇಳಿ ಸಾಕಾಗಿದೆ, ಮನೆ ಮಾರುತ್ತೇನೆ ಎಂದಳು. ಬಾಸ್ಟನ್ನಿನ ಒಬ್ಬ ವ್ಯಾಪಾರಿ ಪೂರ್ತಿ ಹಣ ಒಮ್ಮೆಲೇ ಕೊಡಲು ಸಿದ್ಧನಿದ್ದ. ಆದರೆ ಮನೆ ಖಾಲಿ ಮಾಡಿಕೊಡಬೇಕಿತ್ತು.

ಡೆಲ್ಫಿನಾ ಗಂಡನನ್ನು ಕರೆದುಕೊಂಡು ಬ್ಯಾಂಕಿಗೆ ಹೋದಳು. ಅಧಿಕಾರಿ ಒಳ್ಳೆಯವನೇ. ನೀವೇ ಅಲ್ಲಿ ವಾಸವಿರುವುದರಿಂದ ಸಣ್ಣ ಮುಂಗಡ ಸಾಕು, ಬರುವ ಬಾಡಿಗೆಯಲ್ಲೂ ಬಹುಪಾಲನ್ನು ನಿಮ್ಮ ಆದಾಯಕ್ಕೆ ಸೇರಿಸುತ್ತೇವೆ ಎಂದ. ಆದರೆ ನೊರ್ಬೆರ್ತುವಿನ ಅರ್ಧ ಸಂಪಾದನೆ ಕೈಗೆ ಬಂದ ನಗದು, ತೆರಿಗೆಯವರಿಗೆ ತೋರಿಸಿರಲಿಲ್ಲ. ತೋರಿಸದ ದುಡಿಮೆ ಬ್ಯಾಂಕಿನ ಪಾಲಿಗೆ ದುಡಿಮೆಯೇ ಅಲ್ಲ.

ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ತೆರಿಗೆ ಉಳಿಸ್ದೆ ಅಂತ ಹಿಗ್ತಿದ್ದೆಯಲ್ಲ, ನೋಡು, ಮನೆನೇ ಹೋಯ್ತು."

ಮನೆಗೆ ಬಂದವಳು ಮೇಲೆ ಹತ್ತಲಿಲ್ಲ. ನೇರ ದೋನಾಳ ಅಡುಗೆಮನೆಗೆ ಹೋದಳು. ಆಕೆ ಸಾರಿಗೆ ಸೊಪ್ಪು ಬಿಡಿಸುತ್ತಿದ್ದಳು.

"ದೋನಾ, ಬ್ಯಾಂಕಿನ ಜಾಗದಲ್ಲಿ ನೀವೇ ಕೂತ್ಕೊಳ್ಳಿ," ಎಂದಳು ಡೆಲ್ಫಿನಾ. "ನಮ್ಹತ್ರ ಇರೋದನ್ನ ಮುಂಗಡ ಕೊಡ್ತೀವಿ. ಉಳಿದದ್ದನ್ನ ಬಡ್ಡಿ ಸೇರಿಸಿ ತಿಂಗಳು ತಿಂಗಳು ನಿಮ್ಗೇ ಕಟ್ತೀವಿ. ತಪ್ಪಿದ್ರೆ ಮನೆ ವಾಪಸ್ ತಗೊಳ್ಳಿ."

"ಬಾಸ್ಟನ್ನವನು ಒಂದೇ ಸಲಕ್ಕೆ ಕೊಡ್ತಾನಲ್ಲೇ."

"ಒಂದೇ ಸಲ ತಗೊಂಡ್ರೆ ತೆರಿಗೆನೂ ಒಂದೇ ಸಲ ಕಿತ್ಕೊಂಡು ಹೋಗತ್ತೆ. ನೀವೂ ಗಂಟುಮೂಟೆ ಕಟ್ಬೇಕು. ನಮಗೆ ಕೊಟ್ರೆ ಇಲ್ಲೇ ಇರ್ಬಹುದು, ಬಾಡಿಗೆಗೆ."

ದೋನಾ ಸೊಪ್ಪಿನ ದಂಟು ಮುರಿಯುತ್ತಲೇ ಕೇಳಿದಳು: "ಬಾಡಿಗೆ ಎಷ್ಟು ಹಾಕ್ತೀಯ?"

"ನೀವು ನಮಗೆ ಹಾಕಿದಷ್ಟೇ."

"ಅಷ್ಟೊಂದಾ?" ಎಂದು ದೋನಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇದು ದಾನ ಅಲ್ಲ ಕಣೇ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ ಕೊಡ್ಬೇಕು. ಐದು ವರ್ಷದೊಳಗೆ ಬ್ಯಾಂಕಿಂದ ಸಾಲ ತಂದು ನನ್ನದು ತೀರಿಸ್ಬೇಕು," ಎಂದಳು.

ಆ ಮನೆಯ ಮೇಲೆ ಬೇರೆ ಸಾಲವಿರಲಿಲ್ಲ. ವಕೀಲನ ಮುಂದೆ ಮನೆ ಡೆಲ್ಫಿನಾ ದಂಪತಿಗಳ ಹೆಸರಿಗೆ ಬಂತು. ಬಾಕಿ ಹಣಕ್ಕೆ ಅದೇ ಮನೆ ದೋನಾಳಿಗೆ ಅಡಮಾನವೂ ಆಯಿತು.

ಮೊದಲ ಚಳಿಗಾಲವೇ ಕಷ್ಟ ತಂದಿತು. ಸೆರಾಫಿಂ ತನ್ನ ಅಣ್ಣನ ಮಗನ ಮನೆಗೆ ಹೊರಟುಹೋದ. ನಡುವಿನ ಅಂತಸ್ತಿನ ಬಾಡಿಗೆ ನಿಂತಿತು. ಅದೇ ವಾರ ಇಡೀ ಮನೆಗೆ ಶಾಖ ಕೊಡುವ ಬಾಯ್ಲರ್ ಕೆಟ್ಟಿತು. ನೊರ್ಬೆರ್ತು ನನ್ನ ಮನೆಗೆ ಬಂದು, ವಾಪಸ್ ಕೊಟ್ಟುಬಿಡೋಣ ಅನ್ನಿಸ್ತಿದೆ ಅಕ್ಕ ಎಂದು ತಲೆ ಹಿಡಿದು ಕೂತ. ಅವನ ಜೊತೆ ನಾನೂ ಹೋಗಿ ಅವರ ಅಂತಸ್ತಿನಲ್ಲಿ ಕೂತಿದ್ದೆ. ಕೋಟು ತೊಟ್ಟ ದೋನಾ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದಳು.

"ಮನೆ ಯಜಮಾನರೇ, ಬಾಡಿಗೆ ಕೊಡೋಳು ನಡುಗ್ತಾ ಇದ್ದೀನಿ," ಎಂದಳು. ತಮ್ಮನ ಮುಖ ಕಪ್ಪಿಟ್ಟಿತು. ಆಕೆ ಕೂತು, ಕಂತಿನ ಮೇಲೆ ಬಾಯ್ಲರ್ ಹಾಕಿಕೊಡುವವನ ಹೆಸರು ಹೇಳಿದಳು. "ಈ ತಿಂಗಳು ನನಗೆ ಕಟ್ಟೋ ಕಂತು ಕೊನೆಗೆ ಹೋಗ್ಲಿ. ಬಡ್ಡಿ ಬಿಡಲ್ಲ, ನೆನಪಿರ್ಲಿ."

ಖಾಲಿ ಅಂತಸ್ತನ್ನು ಸಿಕ್ಕಿದವರಿಗೆ ಕೊಟ್ಟುಬಿಡಿ ಎಂದು ಎಲ್ಲರೂ ಹೇಳಿದರು. ಡೆಲ್ಫಿನಾ ಒಪ್ಪಲಿಲ್ಲ. ಕೆಲಸವಿಲ್ಲದ ಹಿಮದ ದಿನಗಳಲ್ಲಿ ನೊರ್ಬೆರ್ತು ಅಲ್ಲಿನ ಅಡುಗೆಮನೆ ಕಿತ್ತು ಹೊಸದು ಮಾಡಿದ, ಅವಳು ಕಿಟಕಿಗಳಿಗೆ ಪರದೆ ಹೊಲಿದಳು. ಆಸ್ಪತ್ರೆಯ ಇಬ್ಬರು ದಾದಿಯರು ಹೆಚ್ಚು ಬಾಡಿಗೆಗೇ ಬಂದರು. ಆ ವರ್ಷದಿಂದ ನೊರ್ಬೆರ್ತು ಪ್ರತಿ ಕೆಲಸಕ್ಕೂ ರಸೀದಿ ಕೊಟ್ಟು, ತೆರಿಗೆ ಕಟ್ಟತೊಡಗಿದ. ಕಟ್ಟುವಾಗಲೆಲ್ಲ ಹಲ್ಲುನೋವು ಬಂದವನಂತೆ ಕಾಣುತ್ತಿದ್ದ.

ನಾಲ್ಕನೆಯ ವರ್ಷ ಅದೇ ಬ್ಯಾಂಕು ಸಾಲ ಕೊಟ್ಟಿತು. ದೋನಾಳ ಬಾಕಿ ತೀರಿತು. ಆಕೆ ಈಗಲೂ ಕೆಳಗೇ ಇದ್ದಾಳೆ, ಹಿಮ ಗೋರುವವರನ್ನು ಕಿಟಕಿಯಿಂದ ನೋಡುತ್ತ ತಪ್ಪು ಹುಡುಕುತ್ತಾಳೆ.

ಕಳೆದ ಭಾನುವಾರ ಡೆಲ್ಫಿನಾ ಸಿಹಿ ರೊಟ್ಟಿ ಹಿಡಿದು ನನ್ನ ಮನೆಗೆ ಬಂದಳು.

"ಅಕ್ಕ, ಚರ್ಚಿನ ಹಿಂದಿನ ಮನೆ ಮಾರ್ತಾರಂತೆ. ಮುಂಗಡ ಅರ್ಧ ನೀವು, ಅರ್ಧ ನಾವು. ನೀವು ಕೆಳಗಿರಿ."

ಈ ವಯಸ್ಸಿನಲ್ಲಿ ನನಗ್ಯಾಕೆ ಎಂದೆ. ಅವಳು ರೊಟ್ಟಿ ಕತ್ತರಿಸುತ್ತ ಕೂತಳು, ಒತ್ತಾಯಿಸಲಿಲ್ಲ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನಾನೇ ದಾರಿ ಬದಲಿಸಿ ಆ ಮನೆಯ ಮುಂದೆ ನಿಂತೆ. ಛಾವಣಿ ಸೋರುವಂತಿತ್ತು. ಅದಕ್ಕೇನು, ನನ್ನ ತಮ್ಮನಿದ್ದಾನಲ್ಲ.