ಮಷೀನು ನಿಂತ ಸಾಲು

ಬೇಸಿಗೆಯ ಬರಹಗಾರರ ಮೇಳದಲ್ಲಿ ಕಥೆ ಓದಲು ಕರೆ ಬಂದಾಗಿನಿಂದ ಗುಬ್ಬಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುಬ್ಬಿ ಎಂದರೆ ಚಿಕ್ಕ ಹುಡುಗಿಯಲ್ಲ, ಮೂವತ್ತು ದಾಟಿದ ಶಾಲೆಯ ಮೇಡಂ. ಅಕ್ಕ ಇಟ್ಟ ಹೆಸರು, ಅಂಟಿಕೊಂಡುಬಿಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿದ್ದಾಯಿತು, ಹಾಲಿನವನಿಗೂ ಹೇಳಿದ್ದಾಯಿತು. ಮೇಳದ ದಿನ ಮುಂದಿನ ಸಾಲಿನಲ್ಲಿ ಅಕ್ಕ ಕೂರಲೇಬೇಕು ಎಂಬುದೊಂದು ಹಟ ಬೇರೆ.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಕ್ಕತಂಗಿಯರ ನಡುವೆ ವಯಸ್ಸಿನ ಅಂತರ ಬಹಳ. ಅಳತೆ ಕೊಡಲು ಬಂದವರು ಹುಬ್ಬೇರಿಸಿದರೆ ಅಕ್ಕ ಬಾಯಲ್ಲಿದ್ದ ಗುಂಡುಸೂಜಿಯನ್ನೂ ತೆಗೆಯದೆ, "ನಮ್ಮಮ್ಮಂಗೆ ವಯಸ್ಸಾದ್ಮೇಲೆ ಬಂದ ಬಹುಮಾನ ಇದು" ಎನ್ನುತ್ತಿದ್ದಳು. ಆ ಅಮ್ಮ ಗುಬ್ಬಿ ಶಾಲೆಗೆ ಸೇರುವ ಮೊದಲೇ ತೀರಿಕೊಂಡಿದ್ದಳು. ಸಾಕಿ ಸಲಹಿದ್ದೆಲ್ಲ ಅಕ್ಕನೇ. ಮದುವೆಯ ಗೊಡವೆಗೂ ಹೋಗಲಿಲ್ಲ.

ಇವರಿಬ್ಬರದೇ ಒಂದು ಪದ್ಧತಿ. ಗುಬ್ಬಿ ಬರೆದದ್ದನ್ನು ಮೊದಲು ಅಕ್ಕನಿಗೆ ಓದಬೇಕು. ಅಕ್ಕ ಹೊಲಿಯುತ್ತಲೇ ಕೇಳುತ್ತಾಳೆ. ಎಲ್ಲಿ ಮಷೀನು ನಿಲ್ಲುತ್ತದೋ ಅಲ್ಲಿ ಕಥೆ ಸುಳ್ಳು ಹೇಳುತ್ತಿದೆ ಎಂದರ್ಥ. ಆ ಸಾಲಿಗೆ ಪೆನ್ಸಿಲಿನ ಗೆರೆ, ಆಮೇಲೆ ಕತ್ತರಿ. ವಾದ ಇಲ್ಲ. ಗುಬ್ಬಿ ತಾನೇ ಮೆಚ್ಚಿಕೊಂಡ ಎಷ್ಟೋ ವಾಕ್ಯಗಳು ಆ ಮಷೀನಿನ ಮುಂದೆ ಮಣ್ಣುಮುಕ್ಕಿದ್ದವು.

ಆ ಭಾನುವಾರ ಮಧ್ಯಾಹ್ನ ಅಕ್ಕ ಮೇಳಕ್ಕೆಂದೇ ಗುಬ್ಬಿಯ ನೀಲಿ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಗುಬ್ಬಿ ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಕಥೆ ಪೂರ್ತಿ ಅವಳ ತಲೆಯಲ್ಲೇ ಹುಟ್ಟಿದ್ದು. ಮದುವೆಯಾಗದ ಹುಡುಗಿಯೊಬ್ಬಳು ಹೆರುತ್ತಾಳೆ. ಅವಳ ತಾಯಿ ಮಗು ತನ್ನದೆಂದು ಹೇಳಿ ಊರಿನ ಬಾಯಿ ಮುಚ್ಚಿಸುತ್ತಾಳೆ. ಮಷೀನು ಓಡುತ್ತಿತ್ತು, ಎಂದಿಗಿಂತ ಜೋರಾಗಿಯೇ.

"ಮಗುವಿಗೆ ಮಾತು ಬಂದ ದಿನ ಅದು ಅವಳನ್ನು ಅಕ್ಕಾ ಎಂದು ಕರೆಯಿತು. ಅವಳು ಓಗೊಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು."

ಮಷೀನು ನಿಂತಿತು.

ಗುಬ್ಬಿ ಅಭ್ಯಾಸಬಲದಿಂದ ಗೆರೆ ಎಳೆದಳು. "ಅತಿ ಆಯ್ತಲ್ವಾ? ತೆಗೀತೀನಿ ಬಿಡು." ಮುಂದೆ ಓದಿದಳು. ಒಂದು ಪುಟ ಮುಗಿದರೂ ಮಷೀನು ಶುರುವಾಗಲಿಲ್ಲ. ಅವಳಿಗೆ ಜೀವವೇ ಹೋದಂತಾಯಿತು. ಹಾಗಾದರೆ ಇಡೀ ಕಥೆಯೇ ಸುಳ್ಳು. ಮೇಳ ಬಾಗಿಲಿಗೆ ಬಂದು ನಿಂತಿದೆ, ಇನ್ನೊಂದು ಕಥೆ ಆಕಾಶದಿಂದ ಉದುರುತ್ತದೆಯೇ?

"ಅಷ್ಟು ಕೆಟ್ಟದಾಗಿದೆಯಾ ಅಕ್ಕಾ? ಬೇಕಾದ್ರೆ ಅವಳನ್ನ ಹೆತ್ತೋಳ ಬದಲು ಚಿಕ್ಕಮ್ಮ ಮಾಡ್ತೀನಿ. ಹೆತ್ತೋಳು ಇಷ್ಟು ವರ್ಷ ಬಾಯಿ ಬಿಡದೆ ಇದ್ಳು ಅಂದ್ರೆ ಯಾರೂ ನಂಬಲ್ಲ, ಅಲ್ವಾ?"

ಅಕ್ಕ ತಲೆಯೆತ್ತಲಿಲ್ಲ. ಕೈ ಮಷೀನಿನ ಚಕ್ರದ ಮೇಲೇ ಇತ್ತು.

"ನಿಂಗ್ಯಾರು ಹೇಳಿದ್ರು?"

"ಏನನ್ನ?"

"ನಲ್ಲಿ ತಿರುಗಿಸಿದ್ದು ಯಾರಿಗೂ ಗೊತ್ತಿಲ್ಲ. ಅಮ್ಮಂಗೂ ಗೊತ್ತಿರ್ಲಿಲ್ಲ."

ಮಾತು ಗುಬ್ಬಿಯ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಬಹುಮಾನ ಎಂಬ ಮಾತಿಗೆ ಇಷ್ಟು ವರ್ಷ ನಕ್ಕದ್ದೆಲ್ಲ ನೆನಪಾಯಿತು. ಸಿಟ್ಟೂ ಬಂತು, ಅಳುವೂ ಬಂತು, ಯಾವುದು ಮೊದಲೋ ತಿಳಿಯಲಿಲ್ಲ. ಅಕ್ಕಾ ಎನ್ನಲು ಬಾಯಿ ತೆರೆದಳು, ಆಗಲಿಲ್ಲ. ಬೇರೆ ಹೇಗೆ ಕರೆಯಬೇಕೋ ಅದೂ ನಾಲಿಗೆಗೆ ಬರಲಿಲ್ಲ.

"ಇದನ್ನ ಓದಲ್ಲ," ಎಂದಳು ಕೊನೆಗೆ. "ಮೇಳಕ್ಕೇ ಹೋಗಲ್ಲ."

"ಹೋಗ್ತೀಯ. ನಾನೂ ಬರ್ತೀನಿ. ಮುಂದಿನ ಸಾಲಲ್ಲೇ ಕೂರ್ತೀನಿ."

ಅಕ್ಕ ಎದ್ದು ಬಂದು ಹಾಳೆ ಎತ್ತಿಕೊಂಡಳು. ಪೆನ್ಸಿಲಿನ ಗೆರೆಯನ್ನು ಬೆರಳಿನಿಂದ ಉಜ್ಜಿದಳು. ಅದು ಹೋಗಲಿಲ್ಲ, ಇನ್ನಷ್ಟು ಕಪ್ಪಾಯಿತು.

"ರಬ್ಬರ್ ಕೊಡು," ಎಂದಳು. "ಈ ಸಾಲು ತೆಗೀಬೇಡ."